ಬೆಳ್ಳುಳ್ಳಿ ಇಲ್ಲದ ಮನೆ

ಮಾರ್ಚ್ 4. ಬೆಳಿಗ್ಗೆ 5.40
ಥೈರಾಯ್ಡ್ ಮಾತ್ರೆ ನುಂಗಿ ಆಯಿತು. ಕಾಫಿಗೆ ಇನ್ನೂ ಒಂದು ಗಂಟೆ. ಹೊಟ್ಟೆ ಖಾಲಿ ಇರಬೇಕು. ಹೆಂಡತಿಗೆ ಇನ್ನೂ ನಿದ್ದೆ. ಯಾರದೂ ಅಲ್ಲದ ಈ ಗಂಟೆಯಲ್ಲೇ ಬರೆಯುವುದು.
ಅಣ್ಣ ಕಳಿಸಿದ ಮಾತ್ರೆ ಡಬ್ಬಿ ನಿನ್ನೆ ಬಂತು. ಸೆಲೆನಿಯಂ. ಥೈರಾಯ್ಡ್‌ಗೆ ಒಳ್ಳೆಯದಂತೆ, ಅವನು ಎಲ್ಲೋ ಓದಿದ್ದು. ದಿನಕ್ಕೊಂದು. ಡಾಕ್ಟರನ್ನು ಕೇಳಬೇಕು... ಇಷ್ಟಕ್ಕೆಲ್ಲ ಅವರ ಸಮಯ ಯಾಕೆ ತಿನ್ನುವುದು.

ಏಪ್ರಿಲ್ 11
ಬಾಚಣಿಗೆ ತುಂಬ ಕೂದಲು. ಬಲ ಹೆಬ್ಬೆರಳಿನ ಉಗುರಿನ ಮೇಲೆ ಬಿಳಿ ಗೆರೆ. ಇಪ್ಪತ್ತಾರು ವರ್ಷದಿಂದ ಲೈಬ್ರರಿಯ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದೇನೆ; ಹಾಳೆಯ ಮಡಿಕೆಯನ್ನು ಗೀರಿ ಕೂರಿಸುವುದು ಈ ಉಗುರೇ. ಥೈರಾಯ್ಡ್ ಮತ್ತೆ ಕೆಟ್ಟಿರಬೇಕು. ಸೆಲೆನಿಯಂ ಇವತ್ತಿನಿಂದ ಎರಡು.

ಮೇ 2
ಮೂರು. ಜೊತೆಗೆ ಮೆಡಿಕಲ್ ಶಾಪಿನವನು ಕೊಟ್ಟ ಕೂದಲು-ಉಗುರಿನ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು.
ಕೆಲಸದ ನಡುವೆ ಹೆಬ್ಬೆರಳಿನ ಉಗುರು ಸೀಳಿತು. ಹಾಳೆಯ ಮೇಲೆ ಚುಕ್ಕೆಯಷ್ಟು ರಕ್ತ. ಯಾರೂ ಓದದ ಪುಸ್ತಕ... ಆದರೂ ಸಮಾಧಾನವಿಲ್ಲ.
ಎದುರು ಕೂತು ಪುಸ್ತಕ ಹೊಲಿಯುವಾಕೆ ಸ್ಟೂಲನ್ನು ಕಿಟಕಿ ಹತ್ತಿರ ಎಳೆದುಕೊಂಡರು. ಗಾಳಿ ಬೇಕಂತೆ. ಮನೆಯಲ್ಲೂ ಹೆಂಡತಿಯ ದಿಂಬು ಗೋಡೆ ಕಡೆ ಸರಿದಿದೆ. ನಮ್ಮಿಬ್ಬರಿಗೂ ಮಾತು ಕಡಿಮೆ. ಕೇಳಲಿಲ್ಲ.

ಮೇ 19
ನಿನ್ನೆ ಸಂಜೆ ತರಕಾರಿ ಹೆಚ್ಚುತ್ತಿದ್ದ ಹೆಂಡತಿ ತಲೆ ಎತ್ತದೆ ಕೇಳಿದಳು: “ರೀ, ನಮ್ಮನೇಲಿ ಬೆಳ್ಳುಳ್ಳಿ ಖಾಲಿಯಾಗಿ ತಿಂಗಳಾಯ್ತು. ನೀವು ದಿನಾ ಎಲ್ಲಿ ತಿಂದು ಬರ್ತಿದೀರಿ?”
ಎಲ್ಲೂ ಇಲ್ಲ ಅಂದೆ.
“ಹಾಗಾದ್ರೆ ಆ ವಾಸನೆ ನಿಮ್ಮೊಳಗಿಂದಾನೇ ಬರ್ತಿದೆ.”
ಡಬ್ಬಿಗಳನ್ನೆಲ್ಲ ತರಿಸಿದಳು. ನನ್ನ ಭೂತಗನ್ನಡಿ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಲೇಬಲ್ ಓದಿದಳು. ಕೂದಲು-ಉಗುರಿನ ಮಾತ್ರೆಯಲ್ಲೂ ಸೆಲೆನಿಯಂ. ಎರಡು ಡಬ್ಬಿಯಲ್ಲೂ ಮಾತ್ರೆಗೆ ಇನ್ನೂರು ಮೈಕ್ರೋಗ್ರಾಂ, ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ ಎಂಬ ಎಚ್ಚರಿಕೆ. ನಾನು ದಿನಕ್ಕೆ ನುಂಗುತ್ತಿದ್ದದ್ದು ಐದು ಮಾತ್ರೆ, ಸಾವಿರ.
ಅಕ್ಷರಗಳ ನಡುವೆಯೇ ಹೊಟ್ಟೆ ಹೊರೆಯುವವನು ನಾನು.

ಮೇ 20
ಡಾಕ್ಟರಮ್ಮ ಉಗುರು ನೋಡಿದರು. ಬೈಯಲಿಲ್ಲ. ಥೈರಾಯ್ಡ್‌ಗೆ ಸೆಲೆನಿಯಂ ಬೇಕು, ಆದರೆ ಚೂರೇ ಚೂರು. ಹೆಚ್ಚಿನವರಿಗೆ ಊಟದಲ್ಲೇ ಸಿಗುತ್ತದಂತೆ. ಅತಿಯಾದರೆ ಕೂದಲು, ಉಗುರು, ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ. ಹೀಗೇ ಮುಂದುವರಿದಿದ್ದರೆ ಕೈಕಾಲಿನ ನರಕ್ಕೂ ಪೆಟ್ಟು. ಥೈರಾಯ್ಡ್ ಮಾತ್ರೆಯೊಂದನ್ನು ಬಿಟ್ಟು ಎಲ್ಲ ನಿಲ್ಲಿಸಿ ಅಂದರು. ರಕ್ತ ತೆಗೆಸಿದರು.
ಬೆರಳು ಕಾಗದದ ದಪ್ಪ ಮರೆಯುವುದು — ಊಹಿಸಿ ನೋಡಿದೆ. ಸಾಧ್ಯವಾಗಲಿಲ್ಲ.
ಕಂಡುಹಿಡಿದದ್ದು ಯಾರು ಎಂದು ಕೇಳಿದರು. ಹೆಂಡತಿಯ ಮೂಗು ಅಂದೆ.
“ಆ ಮೂಗಿಗೆ ನಂದೊಂದು ನಮಸ್ಕಾರ ಹೇಳಿ.”
ಡಾಕ್ಟರಮ್ಮನ ನಮಸ್ಕಾರ ತಲುಪಿಸಿದೆ. ನನ್ನದು ಬಾಯಿಗೆ ಬರಲಿಲ್ಲ.

ಮೇ 28. ಬೆಳಿಗ್ಗೆ 6
ರಿಪೋರ್ಟ್ ಬಂತು. ಥೈರಾಯ್ಡ್ ಸರಿಯಾಗಿಯೇ ಇದೆ. ಅಣ್ಣ ಫೋನಿನಲ್ಲಿ ನೊಂದುಕೊಂಡ; ಆಮೇಲೆ, ಚಿಕ್ಕಂದಿನಿಂದಲೂ ನಿನಗೆ ಒಂದು ಅಂದರೆ ಮೂರೇ ಎಂದು ಬೈದ.
ಈಗ ಹೆಂಡತಿಯೂ ಬೇಗ ಏಳುತ್ತಾಳೆ. ಮುಖದ ಹತ್ತಿರ ಮುಖ ತಂದು, ಹಾಲು ಕೆಟ್ಟಿದೆಯೋ ನೋಡುವ ಹಾಗೆ ಮೂಸುತ್ತಾಳೆ. ಒಂದು ದಿನ ನಿನ್ನೆಗಿಂತ ವಾಸಿ, ಇನ್ನೊಂದು ದಿನ ಅಷ್ಟೇ ಇದೆ ಅನ್ನುತ್ತಾಳೆ. ಇಷ್ಟು ಹತ್ತಿರ ಬಂದು ಎಷ್ಟು ವರ್ಷವಾಗಿತ್ತು.

ಜೂನ್ 13
“ಏನೂ ಇಲ್ಲ ಈಗ,” ಅಂದಳು. ಸಂತೋಷವಾಗಬೇಕಿತ್ತು. ಆಯಿತು ಕೂಡ. ನಾಳೆಯಿಂದ ಅವಳು ಮೊದಲಿನಂತೆ ಮಲಗಿರಬಹುದು.
ಉಗುರಿನ ಬುಡದಲ್ಲಿ ಹೊಸದು, ಗೆರೆಯಿಲ್ಲದ್ದು, ಅಕ್ಕಿಕಾಳಿನಷ್ಟು.

ಜೂನ್ 16. ಬೆಳಿಗ್ಗೆ 5.50
ಮಾತ್ರೆ ಆಯಿತು. ಮೊನ್ನೆಯೂ ಎದ್ದು ಬಂದಳು, ನಿನ್ನೆಯೂ. ಮೂಸಿದಳು. ಕಾಫಿಗೆ ನೀರಿಟ್ಟಳು. ಇನ್ನೇನು ಹುಡುಕುತ್ತೀಯ ಎಂದು ನಾನು ಕೇಳಲಿಲ್ಲ. ಕೇಳುವುದೂ ಇಲ್ಲ.
ಇವತ್ತು ಬಂದರೆ ಹೇಳಿಬಿಡಬೇಕು. ದೊಡ್ಡದೇನಲ್ಲ; ಈ ಕೈ ಉಳಿದದ್ದು ನಿನ್ನಿಂದ ಕಣೆ, ಅಂತ. ವಾಕ್ಯ ಸಿದ್ಧವಿದೆ.
ಕೋಣೆಯ ದೀಪ ಹತ್ತಿತು. ಬಂದಳು—