ಚೆಂಡಿನ ಗಾಳಿ

ಅಪ್ಪಾ,

ಸತ್ತವರಿಗೆ ಅಂಚೆಯಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ನಿನ್ನ ಮಹಾವಿದ್ಯೆಗೆ ಇವತ್ತು ನಾನು ಓದಿದ ಶಾಲೆಯಲ್ಲಿ ಸನ್ಮಾನವಾಯಿತು. ನೀನಿಲ್ಲವೆಂದು ಹೂಗುಚ್ಛವನ್ನು ನನ್ನ ಕೈಗೆ ತುರುಕಿದರು.

"ಇವರಪ್ಪ ಫುಟ್‌ಬಾಲ್ ಆಸೆ ತೋರಿಸ್ಕೊಂಡೇ ಮಗಳನ್ನ ಡಾಕ್ಟರ್ ಮಾಡಿದ್ರು, ನೀವೂ ಕಲೀರಿ" ಎಂದು ಹೆಡ್‌ಮಾಸ್ಟರು ಮೈಕಿನಲ್ಲಿ ಕೊರೆದರು. ಪೋಷಕರೆಲ್ಲ ಕುರಿಮಂದೆಯ ಹಾಗೆ ತಲೆಯಾಡಿಸಿದರು.

ನೀನು ಚೆಂಡಿನ ಗಾಳಿ ತೆಗೆದು, ಪಂಪಿನ ಸೂಜಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದುದನ್ನು ಮಾತ್ರ ಯಾರೂ ಹೇಳಲಿಲ್ಲ. "ಗಣಿತದಲ್ಲಿ ಫಸ್ಟ್ ಬಾ, ಗಾಳಿ ಹಾಕ್ತೀನಿ" ಅಂದೆ. ನಾನು ಬಂದೆ. "ವಿಜ್ಞಾನದಲ್ಲೂ ಬಾ, ನೋಡೋಣ" ಅಂದೆ. ಮೂಗಿಗೆ ತುಪ್ಪ ಸವರುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ. ಮೆಡಿಕಲ್ ಸೀಟು ಸಿಕ್ಕ ದಿನ ನೀನೇ ಗಾಳಿ ತುಂಬಿ ಚೆಂಡು ಕೊಟ್ಟೆ, ರಾಜ್ಯವನ್ನೇ ಬರೆದುಕೊಟ್ಟವನ ಹಾಗೆ. ಅಷ್ಟರಲ್ಲಿ ನಿನ್ನ ಮಂಡಿಗಳು ಸವೆದಿದ್ದವು.

ಭಾಷಣ ಮುಗಿದ ಮೇಲೆ ಹೊಸ ಮೈದಾನದ ಉದ್ಘಾಟನೆಗೆಂದು ನನ್ನಿಂದ ಚೆಂಡು ಒದೆಸಿದರು. ಚಪ್ಪಲಿ ಬಿಟ್ಟು ಒದ್ದೆ. ಅದು ತೆವಳಿಕೊಂಡು ಹೋಗಿ ಗೋಲು ಸೇರಿತು. ಅದಕ್ಕೆ ಚಪ್ಪಾಳೆ ಬೇರೆ!

ಸೂಜಿ ನಿನ್ನ ಜೇಬು ಸೇರುವ ಮೊದಲು, ನಾನು ಪುಟ್ಟವಳಿದ್ದಾಗ, ಹಿತ್ತಲಲ್ಲಿ ಎರಡು ಇಟ್ಟಿಗೆಗಳ ನಡುವೆ ನೀನೇ ನಿಲ್ಲುತ್ತಿದ್ದೆ. ಇಂಥದೇ ತೆವಳುವ ಚೆಂಡಿಗೂ ಬೇಕಂತಲೇ ತಪ್ಪು ಕಡೆ ಹಾರಿ, ಅಂಗಿಯೆಲ್ಲ ಮಣ್ಣು ಮಾಡಿಕೊಂಡು, "ಅಯ್ಯೋ, ಹೋಯ್ತಲ್ಲೇ!" ಎಂದು ಕೂಗುತ್ತಿದ್ದೆ. ಎಂಥ ಕೆಟ್ಟ ನಟ ನೀನು.

ಇವತ್ತು ಗೋಲಿನಲ್ಲಿ ಯಾರೂ ನಿಂತಿರಲಿಲ್ಲ.