ಬಿದಿರಿನ ಪುಟ್ಟುಕುಟ್ಟಿ

ಪೆರಾಬೆ,
21-3-1984, ಬುಧವಾರ

ಪ್ರೀತಿಯ ಸಿಸಿಲಿ,

ನೀನೂ ಕುಂಞಚ್ಚನೂ ಚೆನ್ನಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಹೋದ ಕಾಗದದಲ್ಲಿ ನೀನು ಆಯಾಸ ಎಂದು ಬರೆದಿದ್ದೆ. ಆಸ್ಪತ್ರೆಯ ಡ್ಯೂಟಿ ಸ್ವಲ್ಪ ಕಡಿಮೆ ಮಾಡಿಸಿಕೊಳ್ಳಲು ಆಗುವುದಿಲ್ಲವೇ? ನರ್ಸಿಗೆ ಶಾಲೆಯ ಟೀಚರು ಬುದ್ಧಿ ಹೇಳುವುದು ಸರಿಯಲ್ಲ, ಆದರೆ ಅಕ್ಕ ಹೇಳಬಹುದು. ಇಲ್ಲಿ ಅಪ್ಪಚ್ಚನ್ನಿನ ಮೊಣಕಾಲು ನೋವು ಹಾಗೆಯೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರಬ್ಬರಿನ ಎಲೆ ಉದುರುವ ಸಮಯವಾದ್ದರಿಂದ ಟ್ಯಾಪಿಂಗ್ ನಿಲ್ಲಿಸಿದ್ದಾರೆ. ಕೈಗೆ ಕೆಲಸವಿಲ್ಲದೆ ತೆಂಗಿನ ಗೆರಟೆ ಕೆರೆದು ಸೌಟು ಮಾಡುತ್ತಾ ಕೂತಿದ್ದಾರೆ. ನನ್ನ ಮೂರನೇ ಕ್ಲಾಸಿನ ಮಕ್ಕಳು ಪರೀಕ್ಷೆ ಹತ್ತಿರ ಬಂದರೂ ಹದಿಮೂರರ ಮಗ್ಗಿಯಲ್ಲೇ ಸಿಕ್ಕಿಬಿದ್ದಿದ್ದಾರೆ. ನನಗೆ ಎಂದಿನ ತಲೆನೋವು ಬಿಟ್ಟರೆ ಬೇರೇನೂ ಇಲ್ಲ. ಅಮ್ಮಚ್ಚಿಯ ವಿಷಯ ಆಮೇಲೆ ಬರೆಯುತ್ತೇನೆ.

ನಾವಿಬ್ಬರೂ ಕಡಬದ ಶಾಲೆಯಲ್ಲಿ ಕಲಿತದ್ದು ಇದೇ ಅಕ್ಷರವಾದ್ದರಿಂದ ಕನ್ನಡದಲ್ಲಿ ಬರೆಯುವುದು ಹೊಸದಲ್ಲ. ಇವತ್ತು ಅದರಿಂದ ಇನ್ನೊಂದು ಉಪಕಾರವೂ ಆಗಿದೆ. ಅಮ್ಮಚ್ಚಿ ಇಲ್ಲೇ ಒಲೆಯ ಮುಂದೆ ಪುಟ್ಟಿನ ಹಿಟ್ಟು ಹುರಿಯುತ್ತಾ ಕೂತಿದ್ದಾರೆ, ಮಕ್ಕಳಾದ ನಾವು ಕನ್ನಡ ಕಲಿತರೂ ಅವರಿಗೆ ಮಲಯಾಳಂ ಬಿಟ್ಟು ಬೇರೆ ಓದಲು ಬರುವುದಿಲ್ಲ. ಇಷ್ಟುದ್ದ ಏನು ಬರೆಯುತ್ತಿದ್ದೀ ಎಂದು ಎರಡು ಸಲ ಕೇಳಿದರು. ಹೆರೆಮಣೆಯ ವಿಷಯ ಎಂದೆ. ಅರ್ಧ ಸುಳ್ಳು.

ಉಳಿದರ್ಧ ನಿಜವಾಗಲಿ ಎಂದು ಮೊದಲು ಅದನ್ನೇ ಬರೆಯುತ್ತೇನೆ. ನೀನು ನಿನ್ನ ಕಾಗದದಲ್ಲಿ, ಜನವರಿಯಿಂದ ಮೀನು ಮಾಂಸ ಬಿಟ್ಟಿದ್ದೇನೆ, ಅದರ ವಾಸನೆಯೇ ಹಿಡಿಸುವುದಿಲ್ಲ, ಬರೀ ಸೊಪ್ಪು ತರಕಾರಿಯಲ್ಲಿ ಅಡುಗೆ ನಡೆಸಲು ಏನೇನು ಸಾಮಾನು ಬೇಕು ಎಂದು ಕೇಳಿದ್ದೆ. ಓದಿ ನನಗೆ ನಗು ಬಂತು. ಊರಿನಲ್ಲಿದ್ದಾಗ ಈಸ್ಟರಿಗೆ ಮೊದಲಿನ ಐವತ್ತು ದಿನದ ನೋಂಬಿನಲ್ಲಿ ನಲವತ್ತನೇ ದಿನಕ್ಕೆಲ್ಲ ಒಣಮೀನಿನ ಡಬ್ಬಿಯ ಹತ್ತಿರ ಸುಳಿದಾಡುತ್ತಿದ್ದವಳು ನೀನು. ನೋಂಬು ಶುರುವಾಗುವ ಎರಡು ತಿಂಗಳು ಮೊದಲೇ ಉಪವಾಸ ಹಿಡಿಯುವಷ್ಟು ಭಕ್ತಿ ಕುವೈತಿನಲ್ಲಿ ಸಿಗುವುದಾದರೆ ನಮ್ಮ ಪಾದ್ರಿಗಳನ್ನೂ ಒಂದು ಸಲ ಅಲ್ಲಿಗೆ ಕಳಿಸಬೇಕು. ಕಾಗದವನ್ನು ಅಮ್ಮಚ್ಚಿಗೆ ಮಲಯಾಳಂ ಮಾಡಿ ಓದಿ ಹೇಳಿದೆ. ಅವರು ನಗಲಿಲ್ಲ. ಮೀನಿನ ಸಾಲನ್ನು ಇನ್ನೊಮ್ಮೆ ಓದು ಎಂದರು.

ಹೆರೆಮಣೆ ಇಲ್ಲದೆ ನಮ್ಮ ಅಡುಗೆ ಇಲ್ಲ. ಆದರೆ ಇಡೀ ಮಣೆಯನ್ನು ವಿಮಾನ ಹತ್ತಿಸಲು ರಜೆ ಮುಗಿಸಿ ಅಲ್ಲಿಗೆ ವಾಪಸಾಗುವ ಹಂಝ ಒಪ್ಪುವುದಿಲ್ಲ. ಆದ್ದರಿಂದ ಹಲ್ಲಿರುವ ಕಬ್ಬಿಣದ ತುದಿಯನ್ನು ಮಾತ್ರ ಕಳಿಸಿದ್ದೇನೆ. ನಿನ್ನ ಗಂಡ ಒಂದು ದಪ್ಪ ಹಲಗೆಗೆ ಎರಡು ಮೊಳೆ ಹೊಡೆದು ಕೂರಿಸಲಿ, ಅಷ್ಟು ಮಾಡಿದರೆ ಕುಂಞಚ್ಚನ ಇಂಜಿನಿಯರಿಂಗಿಗೇನೂ ಕುಂದಿಲ್ಲ. ಕಾಯಿ ತುರಿಯುವಾಗ ಕರಿಯ ಸಿಪ್ಪೆಯವರೆಗೆ ಹೋಗಬೇಡ, ಪಲ್ಯ ಕಪ್ಪಾಗುತ್ತದೆ. ಕಡೆಯುವ ಕಲ್ಲಿನ ಬದಲು ನಿನಗೆ ಮಿಕ್ಸಿ ಇದೆ. ಅದರಲ್ಲಿ ಕಾಯಿ ಬಿಸಿಯಾಗಿ ರುಚಿ ಕೆಡುತ್ತದೆ, ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸು. ತರಕಾರಿ ಹೆಚ್ಚುವ ಮೆಟ್ಟುಕತ್ತಿ ಕೇಳಬೇಡ. ಅದನ್ನು ಕಂಡರೆ ಕಸ್ಟಮ್ಸಿನವರು ತನ್ನನ್ನೇ ಒಳಗೆ ಹಾಕುತ್ತಾರೆ ಎಂದು ಹಂಝ ಹೆದರಿದ್ದಾನೆ. ಹೇಗೂ ಆ ಮರಳಿನಲ್ಲಿ ಎಳೆ ಹಲಸಿನ ಗುಜ್ಜೆ ಸಿಗುವುದಿಲ್ಲ, ಬೀನ್ಸಿಗೆ ಚಾಕು ಸಾಕು. ಹಿಟ್ಟಿಗೆ ದೊಡ್ಡ ಕಣ್ಣಿನ ಜರಡಿ ಒಂದು, ಅಪ್ಪಚ್ಚನ್ ಮಾಡಿದ ಗೆರಟೆ ಸೌಟು ಎರಡು ಇಟ್ಟಿದ್ದೇನೆ. ಎಲ್ಲಕ್ಕಿಂತ ಮುಖ್ಯ, ತರಕಾರಿಗೆ ಬೇರೆಯೇ ಪಾತ್ರೆ ಇಟ್ಟುಕೋ. ಮೀನು ಬೇಯಿಸಿದ ಚಟ್ಟಿ ಎಷ್ಟು ತೊಳೆದರೂ ಮೀನಿನದ್ದೇ. ಇಲ್ಲಿ ನಮ್ಮ ಮೀನಿನ ಚಟ್ಟಿಗಳೆಲ್ಲ ನೋಂಬಿನ ಮೊದಲ ದಿನವೇ ಸೌದೆ ಕೊಟ್ಟಿಗೆಗೆ ಹೋಗಿ ಕವುಚಿ ಕೂತಿವೆ. ಈಸ್ಟರ್ ಬರುವ ತನಕ ಅವಕ್ಕೆ ರಜೆ.

ಇನ್ನು ಪುಟ್ಟುಕುಟ್ಟಿಯ ಕಥೆ. ಅದೊಂದನ್ನು ನೀನು ಕಾಗದದಲ್ಲಿ ಬರೆಯದೆ ಹಂಝನ ಬಾಯಲ್ಲಿ ಹೇಳಿ ಕಳಿಸಿದ್ದಿ. ಫೆಬ್ರವರಿ ಕೊನೆಗೆ ರಜೆಯಲ್ಲಿ ಬಂದ ಅವನಿಗೆ ತಂಗಿಯ ಮದುವೆಯ ಓಡಾಟ. ನಮ್ಮ ಮನೆಯವರೆಗೆ ಬರಲಾಗದೆ ಕಡಬದ ಪೇಟೆಯಲ್ಲಿ ಸಿಕ್ಕಿದ ಪೋಸ್ಟ್‌ಮ್ಯಾನ್ ಪದ್ಮಯ್ಯನವರ ಹತ್ತಿರ, ಸಿಸಿಲಿಗೆ ಪುಟ್ಟುಕುಟ್ಟಿ ಬೇಕಂತೆ, ಮನೆಯಲ್ಲಿ ಹೇಳಿಬಿಡಿ ಎಂದಿದ್ದಾನೆ. ಪದ್ಮಯ್ಯನವರ ಮನೆಯಲ್ಲಿ ಯಾರೂ ಪುಟ್ಟು ಮಾಡುವವರಲ್ಲ. ಅಕ್ಕಿಹಿಟ್ಟು ತುಂಬಿ ಅದನ್ನು ಹಬೆಯಲ್ಲಿ ಬೇಯಿಸುವ ಬಿದಿರಿನ ಕೊಳವೆಗೂ ಒಂದು ಹೆಸರಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಆದರೆ ಕುಟ್ಟಿ ಎಂದರೆ ಮಲಯಾಳದಲ್ಲಿ ಮಗು ಎಂದು ಮಾತ್ರ ಚೆನ್ನಾಗಿ ಗೊತ್ತು. ಅರುವತ್ತು ದಾಟಿದ ನಮ್ಮ ಅನ್ನಕುಟ್ಟಿ ಅಮ್ಮಚ್ಚಿಯ ಹೆಸರಿನಲ್ಲಿ ಕುಟ್ಟಿ ಯಾಕೆ ಎಂದು ಅವರು ಹಿಂದೊಮ್ಮೆ ಕೇಳಿದಾಗ ಈ ಪಾಠ ಹೇಳಿಕೊಟ್ಟ ಟೀಚರು ನಾನೇ. ಮಾರನೇ ದಿನ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಅವರು ಹೇಳಿದ್ದು ಹೀಗೆ: “ನಿಮ್ಮ ಸಿಸಿಲಿಗೆ ಒಂದು ಪುಟ್ಟ ಕುಟ್ಟಿ ಬೇಕಂತೆ ಅಮ್ಮಾ, ಹಂಝನತ್ರ ಹೇಳಿ ಕಳಿಸಿದ್ದಾರೆ. ಎಂತ ಮಾಡುದು, ಅದೆಲ್ಲ ದೇವರು ಕೊಡಬೇಕಷ್ಟೆ.”

ಅಮ್ಮಚ್ಚಿ ಆಗ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಕೈಯಲ್ಲಿದ್ದ ಹೋಳನ್ನು ತಟ್ಟೆಗೆ ಹಾಕಿ ಎದ್ದು ಒಳಗೆ ಹೋದರು. ಪದ್ಮಯ್ಯನವರು ಪಾಪ, ತಾನು ಹೇಳಬಾರದ್ದು ಹೇಳಿದೆನೇನೋ ಎಂದು ಚಹಾ ಕುಡಿಯದೆ ಹೋದರು. ಆ ಭಾನುವಾರ ಇಗರ್ಜಿಯಲ್ಲಿ ಎಲ್ಲರೂ ಹೊರಗೆ ಬಂದ ಮೇಲೂ ಅಮ್ಮಚ್ಚಿ ಬರಲಿಲ್ಲ. ನೋಂಬು ಶುರುವಾದ ದಿನ ಗೊತ್ತಾಯಿತು, ಈ ಐವತ್ತು ದಿನ ಒಂದೇ ಹೊತ್ತು ಊಟ, ಅದರಲ್ಲೂ ತೆಂಗಿನಕಾಯಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದಾರೆ. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲು ಮೊಸರಿಲ್ಲ, ಕಾಯಿಯೂ ಇಲ್ಲ ಎಂದರೆ ನಮ್ಮ ಅಡುಗೆಯಲ್ಲಿ ಉಳಿಯುವುದು ಏನು ಎಂದು ನೀನೇ ಲೆಕ್ಕ ಹಾಕು. ನಮಗಾಗಿ ದಿನವೂ ತಾವೇ ಕಾಯಿ ತುರಿಯುತ್ತಾರೆ, ಕಲ್ಲಿನಲ್ಲಿ ಕಡೆಯುತ್ತಾರೆ, ಪಲ್ಯಕ್ಕೆ ಉದುರಿಸುತ್ತಾರೆ. ಆಮೇಲೆ ತಮ್ಮ ಗಂಜಿಗೆ ಉಪ್ಪು, ಸುಟ್ಟ ಮೆಣಸು ಹಾಕಿಕೊಂಡು ಉಣ್ಣುತ್ತಾರೆ. ಇವತ್ತಿಗೆ ಹದಿನೇಳು ದಿನ. ರವಕೆ ಸಡಿಲವಾಗಿದೆ. ಬಿ.ಪಿ. ಮಾತ್ರೆಯನ್ನು ಬೇರೆ ಖಾಲಿ ಹೊಟ್ಟೆಗೆ ನುಂಗುತ್ತಾರೆ. ಇದನ್ನು ನಿನಗೆ ಬರೆಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಾನು ಕೊಟ್ಟದ್ದು ಮಲಯಾಳದಲ್ಲಿ, ಮುರಿಯುತ್ತಿರುವುದು ಕನ್ನಡದಲ್ಲಿ.

ನನಗೆ ನಿನ್ನ ಮೇಲೆ ತುಂಬ ಸಿಟ್ಟು ಬಂದಿತ್ತು. ಮುಚ್ಚಿಡುವುದಿಲ್ಲ. ಎಂಬತ್ತೊಂದರಲ್ಲಿ ಒಂದು, ಮರುವರ್ಷ ಇನ್ನೊಂದು, ಎರಡು ಸಲವೂ ಮೂರನೇ ತಿಂಗಳಲ್ಲಿ ಹೋಯಿತು ಎಂಬುದನ್ನು ನೀನು ನಮಗೆ ಒಂದೇ ಕಾಗದದಲ್ಲಿ, ಎಲ್ಲ ಮುಗಿದ ಮೇಲೆ ಬರೆದೆ. ಅದನ್ನು ಅಮ್ಮಚ್ಚಿಗೆ ಓದಿ ಹೇಳಿದವಳು ನಾನು. ಅಂದು ಅವರು ಅತ್ತದ್ದಕ್ಕಿಂತ ಹೆಚ್ಚಾಗಿ, ತಾನು ಅಲ್ಲಿಯವರೆಗೆ ಏನೂ ಗೊತ್ತಿಲ್ಲದೆ ಹಲಸಿನ ಹಪ್ಪಳ ಮಾಡಿಕೊಂಡು ಇದ್ದೆನಲ್ಲ ಎಂದು ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ. ಹಾಗಿರುವಾಗ ಮನೆಯವರಿಗೆ ಬಾಯಿ ಬಿಡದವಳು ಈಗ ಊರಿನ ಪೋಸ್ಟ್‌ಮ್ಯಾನಿನ ಹತ್ತಿರ ಮಗು ಬೇಕು ಎಂದು ಹೇಳಿ ಕಳಿಸಿದಳೇ ಎಂದು ನಿನಗೊಂದು ಖಾರವಾದ ಕಾಗದ ಬರೆದೆ. ಪುಣ್ಯಕ್ಕೆ ಅಂಚೆಗೆ ಹಾಕುವ ಮೊದಲೇ ಹರಿದೆ.

ಹೋದ ಶನಿವಾರ ಹಂಝನೇ ಬಂದ. ಕೂತವನೇ, ಪುಟ್ಟುಕುಟ್ಟಿ ಕಟ್ಟಿ ಇಟ್ಟಿದ್ದೀರಾ ಎಂದು ಕೇಳಿದ. ಯಾವ ಪುಟ್ಟುಕುಟ್ಟಿ ಎಂದು ನಾನು, ಪದ್ಮಯ್ಯ ಹೇಳಲಿಲ್ಲವಾ ಎಂದು ಅವನು. ಎಲ್ಲ ಗೊತ್ತಾದಾಗ ನಾನು ಹೊಟ್ಟೆ ಹಿಡಿದು ನಕ್ಕೆ. ನಗು ನಿಂತ ಮೇಲೆ ಹೆದರಿಕೆಯಾಯಿತು, ಈ ಹರಕೆ ಬರೀ ಒಂದು ಬಿದಿರಿನ ಕೊಳವೆಗಾಗಿ ಎಂದು ಅಮ್ಮಚ್ಚಿಗೆ ಹೇಳುವವರು ಯಾರು? ಹೇಳಿದೆ. ಇನ್ನು ಎರಡು ಹೊತ್ತು ಊಟ ಮಾಡಿ ಎಂದೂ ಹೇಳಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಕುವೈತಿನ ಅಂಗಡಿಯಲ್ಲಿ ಇದು ಸಿಗುವುದಿಲ್ಲವೇ ಎಂದು ಹಂಝನನ್ನು ಕೇಳಿದರು. “ಅಲುಮಿನಿಯಂದು ಬೇಕಾದಷ್ಟು ಉಂಟು. ಅದರಲ್ಲಿ ಮಾಡಿದ್ದು ಅವಳಿಗೆ ಇಳಿಯುದಿಲ್ಲವಂತೆ. ಮನೆಯ ಬಿದಿರಿನದ್ದೇ ಆಗಬೇಕಂತೆ, ಬೇಗ ಬೇಕಂತೆ” ಎಂದ ಅವನು. ಅಮ್ಮಚ್ಚಿ ಸ್ಟೂಲ್ ಹತ್ತಿ ಅಟ್ಟದಿಂದ ಹಳೆಯ ಪುಟ್ಟುಕುಟ್ಟಿಯನ್ನು ಇಳಿಸಿದರು. ನನ್ನನ್ನು ಮುಟ್ಟಲು ಬಿಡಲಿಲ್ಲ. ಅಪ್ಪಚ್ಚನ್ನಿನ ಕೈಯಲ್ಲಿ ಹೊಸ ತೆಂಗಿನ ಹಗ್ಗ ಬಿಗಿಯಾಗಿ ಸುತ್ತಿಸಿದರು, ಒಳಗಿನ ತೂತಿನ ಗೆರಟೆ ಬಿಲ್ಲೆಯನ್ನೂ ಹೊಸದಾಗಿ ಮಾಡಿಸಿದರು. ಅದನ್ನು ತಮ್ಮ ಮದುವೆಯ ದಿನ ಉಟ್ಟ ಬಿಳಿ ಚಟ್ಟೆ ಮುಂಡಿನಲ್ಲಿ ಸುತ್ತಿ ಇಟ್ಟಿದ್ದಾರೆ. ಆದರೆ ಹರಕೆ ಮಾತ್ರ ಬಿಟ್ಟಿಲ್ಲ. ಇವತ್ತು ಮಧ್ಯಾಹ್ನವೂ ಅದೇ ಗಂಜಿ. ವಯಸ್ಸಾದ ಮೇಲೆ ಹಟ ಹೆಚ್ಚಾಗುತ್ತದೆ ಎಂದು ಕಾಣುತ್ತದೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನಾನು ಪುಟ್ಟುಕುಟ್ಟಿ ಬಿಟ್ಟು ಬೇರೇನೂ ಕೇಳಲಿಲ್ಲ, ಹೊಟ್ಟೆ ತುಂಬ ಊಟ ಮಾಡಿ ಎಂದು ಅವರಿಗೆ ನೀನೇ ಬರೆ. ನನ್ನ ಮಾತು ನಡೆಯುವುದಿಲ್ಲ, ನಿನ್ನದು ನಡೆಯುತ್ತದೆ.

ಪುಟ್ಟುಕುಟ್ಟಿಯನ್ನು ಮೊದಲ ದಿನ ನೀರಿನಲ್ಲಿ ನೆನೆಹಾಕು. ತೊಳೆದು ನೆರಳಿನಲ್ಲಿ ಒಣಗಿಸು, ಅಲ್ಲಿಯ ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ. ಹಿಟ್ಟು ಹಿಡಿದರೆ ಮುದ್ದೆಯಾಗಬೇಕು, ಬಿಟ್ಟರೆ ಉದುರಬೇಕು. ಅಪ್ಪಚ್ಚನ್ನಿನ ಆಶೀರ್ವಾದಗಳು ಸೌಟಿನ ಜೊತೆಯಲ್ಲೇ ಇವೆ. ಕುಂಞಚ್ಚನಿಗೆ ನನ್ನ ನೆನಪುಗಳನ್ನು ಹೇಳು. ದೇವರು ನಿಮ್ಮಿಬ್ಬರ ಜೊತೆಗಿರಲಿ.

ಇತಿ,
ನಿನ್ನ ಲಿಸ್ಸಿ ಚೇಚಿ

ಮತ್ತೆ: ನಾಳೆ ಬರುತ್ತೇನೆ ಎಂದಿದ್ದ ಹಂಝ ಇವತ್ತೇ ಬಂದು ಗೇಟಿನಲ್ಲಿ ನಿಂತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಹಿಟ್ಟಿನ ಪೊಟ್ಟಣ ಕಟ್ಟುವಾಗ ಅಮ್ಮಚ್ಚಿ ಈಗಷ್ಟೇ ಒಂದು ಮಾತು ಹೇಳಿದರು. ನನ್ನ ಬಸುರಿ ಹೊತ್ತಾಗಲೂ ನಿನ್ನ ಬಸುರಿ ಹೊತ್ತಾಗಲೂ ಅವರಿಗೆ ಮೀನಿನ ವಾಸನೆ ಆಗುತ್ತಿರಲಿಲ್ಲವಂತೆ. ಹೊಟ್ಟೆಯಲ್ಲಿ ನಿಂತದ್ದು ಇದೇ ಬಿದಿರಿನಲ್ಲಿ ಬೇಯಿಸಿದ ಪುಟ್ಟು ಮಾತ್ರವಂತೆ. ಪದ್ಮಯ್ಯ ತಪ್ಪು ಹೇಳಲಿಲ್ಲ ಎಂದರು. ಹರಕೆ ಮೊದಲು ಕೇಳುವುದಕ್ಕಾಗಿ ಇತ್ತು, ಈಗ ಉಳಿಸಿಕೊಳ್ಳುವುದಕ್ಕಾಗಿ ಅಂತೆ. ಸಿಸಿಲಿ, ನಾನು ದಡ್ಡಿ, ಮೇಲೆ ಬರೆದ ತಮಾಷೆಯನ್ನೆಲ್ಲ ಮರೆತುಬಿಡು. ಬರೆಯಲು ಹೆದರಿಕೆಯಾದರೆ ಬರೆಯಬೇಡ, ಮೂರನೇ ಸಲ ನಾನಾದರೂ ಹೆದರುತ್ತಿದ್ದೆ. ಪುಟ್ಟುಕುಟ್ಟಿ ಕ್ಷೇಮ ಎಂದು ಮಾತ್ರ ಬರೆ. ಕನ್ನಡದಲ್ಲಿ ಬೇಡ. ಇಗರ್ಜಿಯ ವೇದಪಾಠದಲ್ಲಿ ಕಲಿತ ಮಲಯಾಳಂ ಅಷ್ಟಾದರೂ ನೆನಪಿರಬಹುದು, ಅದರಲ್ಲೇ ಬರೆ. ಈ ಸಲ ನಾನು ಓದಿ ಹೇಳುವುದು ಬೇಡ, ಅಮ್ಮಚ್ಚಿಯೇ ಓದಲಿ.