ಬೆಂಕಿಗೆ ಮುಖ ಮಾಡಿ ಕೂತವನು

೧೪ ಮಾರ್ಚ್ ೧೯೪೬, ಗುರುವಾರ. ಆನೆಗೊಂದಿ.

ಫೌಜಿನ ಕಚೇರಿಯ ಗುಮಾಸ್ತನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಕಾಗದ ಹಿಡಿದು ಮನೆಗೇ ಬಂದ. ಮೂರು ವರ್ಷದ ಹಿಂದೆ, ನೀರಿನ ಮೇಲೆ ಇಳಿಯುವ ಯುದ್ಧವಿಮಾನವೊಂದು ಅವರ ಶಿಬಿರದ ಪಕ್ಕದ ಕೆರೆಗೆ ಬಿದ್ದ ಹಿಂದಿನ ದಿನವೇ ಅಣ್ಣ ಹುಚ್ಚೀರಪ್ಪ ಫೌಜು ಬಿಟ್ಟು ಓಡಿಹೋದನಂತೆ. ಅದು ಹೌದೆಂದು ಅವ್ವ ಹೆಬ್ಬೆಟ್ಟು ಒತ್ತಬೇಕಂತೆ.

ಕಾಗದದ ಜೊತೆ ಅಪಘಾತದ ಫೋಟೋ ಇತ್ತು. ಮುರಿದ ರೆಕ್ಕೆ, ಹೊಗೆ, ಬಿದ್ದವರನ್ನು ಉಳಿಸಲು ಅತ್ತ ಹೊರಟ ಒಂದು ದೋಣಿ. ಆ ದೋಣಿಯವರು ಯಾರೂ ವಾಪಸು ಬರಲಿಲ್ಲವಂತೆ. ಫೋಟೋದಲ್ಲಿ ಉಳಿದವರೆಲ್ಲ, ದೋಣಿಯವರ ರೂಢಿಯಂತೆ, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದಾರೆ. ಒಬ್ಬ ಮಾತ್ರ ಮುಂದಿನ ತುದಿಯಲ್ಲಿ ಮಂಡಿಯೂರಿ, ಬೆಂಕಿಗೆ ಮುಖ ಮಾಡಿ, ನೀರನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದಾನೆ. ನಮ್ಮ ಹೊಳೆಯಲ್ಲಿ ಹರಿಗೋಲು ನಡೆಸುವುದು ಹಾಗೆಯೇ.

"ಇವ ನನ್ನ ಮಗ ಅದಾನ್ರಿ," ಎಂದಳು ಅವ್ವ.

"ಮುಖಾನ ಕಾಣಂಗಿಲ್ಲಲ್ಲಬೇ," ಎಂದ ಗುಮಾಸ್ತ. "ಓಡಿಹೋದ ಅಂತ ಒತ್ತಿಬಿಡು. ಎಲ್ಲ್ಯೋ ಬದುಕ್ಯಾನ ಅಂತಾದ್ರೂ ಇರ್ತೈತಿ."

ಅಷ್ಟರಲ್ಲಿ ಅವಳ ಹೆಬ್ಬೆರಳಿಗೆ ಮಸಿಯನ್ನೂ ಹಚ್ಚಿದ್ದ. ಅವ್ವ ಫೋಟೋವನ್ನು ಹತ್ತಿರ ಎಳೆದುಕೊಂಡಳು. ಮಗ ಬಂದಾನೆಂದು ಮೂರು ವರ್ಷ ಬಾಗಿಲಿಗೆ ಅಗಳಿ ಹಾಕದೆ ಮಲಗಿದವಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

"ನನ್ನ ಮಗ ಬೆಂಕಿ ಕಡೆ ಹೊಂಟಾನ. ಓಡಿಹೋಗಿಲ್ಲ," ಎಂದವಳೇ ಫೋಟೋದ ಮೇಲೆ, ಅವನ ಬೆನ್ನಿನ ಕೆಳಗೆ, ಹೆಬ್ಬೆಟ್ಟು ಒತ್ತಿದಳು.

ಸರಕಾರಿ ಫೋಟೋ ಕೆಡಿಸಿದಿರೆಂದು ಗುಮಾಸ್ತ ಕೂಗಾಡಿದ. ನಾನು ಆ ಗುರುತಿನ ಪಕ್ಕ ಅಣ್ಣನ ಹೆಸರು ಬರೆದು ಗುಮಾಸ್ತನ ಕೈಗೇ ಕೊಟ್ಟೆ. ಇನ್ನೊಂದು ಫೋಟೋ ತರಲಿ, ಅದರ ಮೇಲೂ ಬರೆಯುತ್ತೇನೆ.

ಈಗ ತಾನೇ ಅಗಳಿ ಹಾಕಿದ ಸದ್ದಾಯಿತು. ಅವ್ವ.